ಸೂಜಿ ಹಿಡಿದ ಕೈ

ಚರ್‌ಚರ್— ಮೆಟ್ರೋ ಸ್ಟೇಷನ್ನಿನ ಆಳು ಕೆರೆಯುವ ಸದ್ದು, ಪ್ಲಾಟ್‌ಫಾರಂ ಗೋಡೆಯಿಂದ ಕೆಂಪು ಕಾಗದ ಪಟ್ಟಿ ಪಟ್ಟಿಯಾಗಿ ಇಳಿಯುತ್ತಿದೆ, ನಿಂತು ನೋಡುತ್ತಿರುವ ಬೋರಮ್ ಬರೆದ ಪೋಸ್ಟರು, ಸಮಾನ ಕೂಲಿ ಎಂಬ ಅಕ್ಷರ ಮೊದಲು ಹೋಯಿತು, ಕೈಯ ಚಿತ್ರ ಇನ್ನೂ ಇದೆ, ಹೆಬ್ಬೆರಳು ತೋರುಬೆರಳಿನ ನಡುವೆ ಸೂಜಿ, ತೋರುಬೆರಳಿನ ಉಗುರು ಸೀಳಿದೆ, ಮಿಷನ್ ಸೂಜಿ ತೂರಿಹೋದ ಗುರುತು, ಓಕ್‌ಸುನ್ ಅಕ್ಕನ ಉಗುರು, ಚಾಂಗ್‌ಸಿನ್ ಗುಡ್ಡದ ಹೊಲಿಗೆ ಕೋಣೆಗಳಲ್ಲಿ ಇಪ್ಪತ್ತೆರಡು ವರ್ಷ ಮಿಷನ್ ತುಳಿದು ಈಗ ಹೊಲಿಗೆ ಹೆಂಗಸರ ಸಂಘದ ಅಧ್ಯಕ್ಷೆ, ಸಂಘದಲ್ಲೇ ಕೆಲಸಕ್ಕಿದ್ದ ಬೋರಮ್‌ಗೆ ಮಹಿಳಾ ದಿನಕ್ಕೆ ಪೋಸ್ಟರ್ ಮಾಡ್ಕೊಡೇ ಅಂದವಳು, ಬೋರಮ್ ಮೊದಲು ನಗುವ ಹುಡುಗಿಯ ಮುಖ ಬರೆದು ಒಯ್ದರೆ, ಇದೇನೇ ಮರಿ, ಸೋಪು ಮಾರ್ತಿದೀವಾ, ಮುಖ ಚೆಂದ ಇದ್ರೆ ಮುಖಾನೇ ನೋಡ್ತಾರೆ, ಕೂಲಿ ವಿಷ್ಯ ಯಾರು ಓದ್ತಾರೆ, ತಗೋ, ನನ್ನ ಬಲಗೈ ಬರಿ ಎಂದು ದೀಪದ ಕೆಳಗೆ ಚಾಚಿದ್ದಳು, ಉಗುರು ಸರಿಮಾಡ್ಲಾ ಅಕ್ಕ ಅಂದರೆ ಬೇಡ, ಅದೇ ನನ್ನ ಗುರುತು, ಸೂಜಿ ದಪ್ಪ ಮಾಡ್ಲಾ, ದೂರಕ್ಕೆ ಕಾಣಲ್ಲ ಅಂದರೆ ಅದೂ ಬೇಡ, ಸೂಜಿ ಸೂಜಿ ಥರಾನೇ ಇರ್ಲಿ— ಅಲ್ಲೇ ಎಡವಿದ್ದು, ಅಲ್ಲೇ ಹಟ ಹಿಡಿಯಬೇಕಿತ್ತು.

ದೂರಕ್ಕೆ ಸೂಜಿ ಕಾಣಲಿಲ್ಲ, ಎರಡು ಬೆರಳು ಕಂಡವು, ನಡುವೆ ಇಷ್ಟೇ ಜಾಗ, ಈ ಊರಿನಲ್ಲಿ ಅಷ್ಟು ಸಾಕು, ಗಂಡಸರದು ಇಷ್ಟೇ ಎಂದು ಹಂಗಿಸುವ ಸನ್ನೆ ಅದು ಎಂದು ಯಾರೋ ಬೆರಳಿಗೆ ಹಳದಿ ಸುತ್ತು ಹಾಕಿ ಫೋನಿನಲ್ಲಿ ಹಂಚಿದ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಸಂಜೆಗೆ ಸಾವಿರ ಫೋನಿನಲ್ಲಿ ಆ ಹಳದಿ ಸುತ್ತು, ಬರೆದವಳು ಯಾರು, ಹೆಸರು ಹೇಳಿ— ಬೋರಮ್ ಹೆದರಲಿಲ್ಲ, ಅಕ್ಕ ಇದ್ದಾಳಲ್ಲ, ಕ್ಯಾಮೆರಾ ಮುಂದೆ ಕೈ ಎತ್ತಿ ಇದು ನನ್ನ ಕೈ, ಉಗುರು ನೋಡಿ, ಹಿಡಿದಿರುವುದು ಸೂಜಿ ಎನ್ನುತ್ತಾಳೆ, ಅಲ್ಲಿಗೆ ಮುಗಿಯಿತು. ಇವತ್ತು ಬೆಳಿಗ್ಗೆ ಟಿವಿಯಲ್ಲಿ ಅಕ್ಕ ಸೊಂಟ ಬಾಗಿಸಿ ನಿಂತಳು, ಸಂಘಕ್ಕೆ ಗೊತ್ತಿಲ್ಲದೆ ಆದ ತಪ್ಪು, ಚಿತ್ರ ಬರೆದ ಯೂನ್ ಬೋರಮ್ ಅವರನ್ನು ಕೆಲಸದಿಂದ ತೆಗೆದಿದ್ದೇವೆ, ಕ್ಷಮಿಸಿ— ಹೆಸರು ಸಮೇತ, ಮರಿ ಎನ್ನುತ್ತಿದ್ದ ಬಾಯಲ್ಲೇ— ಆಮೇಲೆ ಫೋನು, ಸಂಘ ಉಳೀಬೇಕಲ್ಲ ಮರಿ, ನೀನು ಚಿಕ್ಕೋಳು, ಬೇರೆ ಕೆಲಸ ಸಿಗುತ್ತೆ, ಬೋರಮ್ ಒಂದೇ ಕೇಳಿದಳು, ಅಕ್ಕ, ಅದು ಯಾರ ಕೈ, ಆ ಕಡೆ ಬರೀ ಉಸಿರು, ಫೋನ್ ಇಟ್ಟ ಸದ್ದು, ಮೋಸ, ಇದಕ್ಕೆ ಬೇರೆ ಹೆಸರಿಲ್ಲ, ಸಾವಿರ ಗಂಡಸರು ಬೈದದ್ದು ತಾಗಲಿಲ್ಲ, ಆ ಉಸಿರು ತಾಗಿತು, ಮತ್ತೆ ಕಣ್ಣ ಮುಂದೆ ಬಾಗಿದ ಸೊಂಟ, ಕೈ ಮೇಲೆ ಕೈ— ತಡಿ, ಹೆಂಗಸರು ಬಾಗುವಾಗ ಬಲಗೈ ಮೇಲಿರಬೇಕು, ಎಡಗೈ ಮೇಲಿಡುವುದು ಸಾವಿನ ಮನೆಯಲ್ಲಿ, ಅಮ್ಮ ಸತ್ತ ದಿನ ಬೋರಮ್‌ಳ ಕೈ ಹಿಡಿದು ಅದನ್ನು ಹೇಳಿಕೊಟ್ಟವಳೇ ಅಕ್ಕ, ಅಂಥವಳು ಇವತ್ತು ಎಡಗೈ ಮೇಲಿಟ್ಟಳು, ಮರೆತದ್ದಲ್ಲ, ಮುಚ್ಚಬೇಕಿತ್ತು— ಚರ್‌ಚರ್, ಗೋಡೆಯಲ್ಲಿ ಇನ್ನು ಒಂದೇ ಬೆರಳು ಉಳಿದಿದೆ, ಅದು ಬಿಡುತ್ತಿಲ್ಲ, ರೈಲು ಬಂತು, ಬಾಗಿಲು ತೆರೆಯಿತು, ಮುಚ್ಚಿತು, ಬೋರಮ್ ಹತ್ತಲಿಲ್ಲ, ಎಡಗೈ, ಅದರ ಕೆಳಗೆ ಬಲಗೈ, ಬಲಗೈಯಲ್ಲಿ ಸೀಳಿದ ಉಗುರು, ಸೀಳಿದ ಉಗುರು