ಮಿತಿಗೊಳಿಸು: ಒಂದು ಉದಾಹರಣೆ

ಅಡುಗೆಮನೆಯಲ್ಲಿ ಲೋಟ ಕಟ್ಟೆಗೆ ತಗುಲಿತು. ಸದ್ದಾಗಬಾರದು ಎಂದುಕೊಂಡವರು ಇಟ್ಟಾಗ ಆಗುತ್ತದಲ್ಲ, ಅಂಥ ಸದ್ದು. ರಾತ್ರಿ ಒಂದೂವರೆ. ಮಗಳು ದಡಕ್ಕನೆ ಎದ್ದು ಕೂತಳು. ಅಪ್ಪ ಕದ್ದು ನೀರು ಕುಡಿಯುತ್ತಿದ್ದಾರೆ!

ಅಪ್ಪನ ಮೂತ್ರಪಿಂಡಗಳು ಮುಷ್ಕರ ಹೂಡಿ ಎರಡು ತಿಂಗಳಾಗಿತ್ತು. "ನೀರು ಮಿತಿಗೊಳಿಸಿ. ದಿನಕ್ಕೆ ಒಂದೇ ಲೀಟರ್. ಮೀರಿದ್ರೆ ಉಸಿರಿಗೇ ಕುತ್ತು" ಎಂದಿದ್ದರು ಡಾಕ್ಟರು. ಮಗಳಿಗೆ ನಿಘಂಟು ಕಚೇರಿಯಲ್ಲಿ ಕೆಲಸ. ಗಾಬರಿಯ ನಡುವೆಯೂ ಆ ಕ್ರಿಯಾಪದ ಅವಳ ಕಿವಿಗೆ ಬಿತ್ತು. ಅದರ ಅರ್ಥ, ಉದಾಹರಣೆ ತುಂಬಬೇಕಾದ ಚೀಟಿ ತಿಂಗಳಿಂದ ಅವಳ ಮೇಜಿನ ಮೇಲೇ ಕೂತಿತ್ತು. ಅರ್ಥವೇನೋ ಸಲೀಸು: 'ಇಷ್ಟೇ ಎಂದು ಗೊತ್ತುಮಾಡು, ಅದರಾಚೆ ಹೋಗಗೊಡದಿರು.' ತಲೆನೋವು ಉದಾಹರಣೆ ವಾಕ್ಯದ್ದು. ಉದಾಹರಣೆ ಮೇಜಿನ ಮೇಲೆ ಕಟ್ಟಿದ್ದಾಗಿರಬಾರದು, ಎಲ್ಲಾದರೂ ನಿಜವಾಗಿ ನಡೆದಿರಬೇಕು ಎಂಬುದು ಕಚೇರಿಯ ನಿಯಮ.

"ನಾನೇನು ಒಂಟೆಯಾ?" ಎಂದು ಕೂಗಾಡಿದ ಅಪ್ಪ ಮೊದಲ ವಾರವೇ ಎರಡು ಸಲ ಆಸ್ಪತ್ರೆ ಸೇರಿದರು. ಆಗ ಅಮ್ಮ ಅವರ ಬಾಟಲಿಯ ಪಕ್ಕಕ್ಕೆ ಅದೇ ಅಳತೆಯ ಇನ್ನೊಂದು ಬಾಟಲಿ ತಂದಿಟ್ಟಳು.

"ನಿಮಗೆಷ್ಟೋ ನನಗೂ ಅಷ್ಟೇ. ಯಾರು ಮೊದಲು ಸೋಲ್ತಾರೆ ನೋಡೋಣ."

ಹೆಂಡತಿಯ ಎದುರು ಸೋತು ಅಪ್ಪನಿಗೆ ಅಭ್ಯಾಸವಿರಲಿಲ್ಲ. ಗುಟುಕು ಗುಟುಕಾಗಿ ಕುಡಿಯತೊಡಗಿದರು. ಕಾಲಿನ ಬಾವು ಇಳಿಯಿತು. ಮಗಳು ಚೀಟಿ ತುಂಬಿದಳು: 'ಗಂಡನ ಸಲುವಾಗಿ ಆಕೆ ತನ್ನ ನೀರನ್ನೂ ಮಿತಿಗೊಳಿಸಿದಳು.' ಸಂಪಾದಕರು ಎರಡು ಸಲ ಓದಿ ಸಹಿ ಹಾಕಿದರು.

ಈಗ ಅಡುಗೆಮನೆಯ ದೀಪ ಹಾಕಿದರೆ, ಅಮ್ಮ. ಕೈಯಲ್ಲಿ ತುಂಬಿದ ಲೋಟ, ಪಕ್ಕದಲ್ಲಿ ಅರ್ಧ ಖಾಲಿಯಾದ ಜಗ್ಗು.

"ಎಷ್ಟು ದಿನದಿಂದ ಇದು?"

"ಮೊದಲನೇ ದಿನದಿಂದ." ಅಮ್ಮ ಲೋಟ ಮುಗಿಸಿಯೇ ಬಾಯಿ ಒರೆಸಿಕೊಂಡಳು. "ನನ್ನ ಕಿಡ್ನಿಗೇನಾಗಿದೆ ಕಣೇ? ನಾನ್ಯಾಕೆ ಒಣಗಿ ಸಾಯ್ಲಿ?"

"ಅಪ್ಪಂಗೆ ಗೊತ್ತಾದ್ರೆ?"

"ನಾಳೇನೇ ಬಾಟಲಿ ಕಿಟಕಿಯಿಂದಾಚೆ ಹೋಗುತ್ತೆ. ನಾಡಿದ್ದು ಅವರನ್ನ ಆಸ್ಪತ್ರೇಲಿ ನೋಡ್ಕೋಬೇಕು."

ಹೊರಗಿನ ಕೋಣೆಯ ಮಂಚದಿಂದ ಅಪ್ಪನ ದನಿ ಬಂತು. "ಯಾರೇ ಅದು?"

ಅಮ್ಮ ಖಾಲಿ ಲೋಟವನ್ನು ಮಗಳ ಕೈಗೆ ತುರುಕಿದಳು.

"ನಾನಪ್ಪ. ಬಾಯಾರಿಕೆ ಆಯ್ತು."

"ಈ ಹೊತ್ತಲ್ಲಿ? ಹಿಡಿತ ಅನ್ನೋದೇ ಇಲ್ಲ ನಿನಗೆ. ನಿಮ್ಮಮ್ಮನ್ನ ನೋಡಿ ಕಲಿ."

ಅಮ್ಮ ಗಂಭೀರವಾಗಿ ತಲೆಯಾಡಿಸಿದಳು, ಮಾತು ತೂಕದ್ದೇ ಎನ್ನುವಂತೆ.

ಬೆಳಿಗ್ಗೆ ಮಗಳು ಎಲ್ಲರಿಗಿಂತ ಮೊದಲೇ ಕಚೇರಿ ಸೇರಿದಳು. ಉದಾಹರಣೆ ಸುಳ್ಳೆಂದು ತಿಳಿದುಬಂದರೆ ವಾಪಸು ಪಡೆಯಬೇಕು. ಅದಕ್ಕೊಂದು ನಮೂನೆ ಇದೆ. ಪದ ಬರೆದಳು, ಪುಟಸಂಖ್ಯೆ ಬರೆದಳು. 'ಕಾರಣ' ಎಂಬ ಕಡೆ ಪೆನ್ನು ನಿಂತಿತು. ಈ ನಮೂನೆಯನ್ನು ಟೈಪು ಮಾಡುವಾಕೆಯ ನಾದಿನಿ ಇರುವುದು ಇವರದೇ ಬೀದಿಯಲ್ಲಿ, ನಾಲ್ಕು ಮನೆ ಆಚೆ. ಸಂಜೆಯೊಳಗೆ ಸುದ್ದಿ ಅಪ್ಪನ ಮಂಚ ತಲುಪುತ್ತದೆ.

ಹನ್ನೊಂದು ವರ್ಷದಲ್ಲಿ ಅವಳು ಒಂದು ಅಲ್ಪವಿರಾಮವನ್ನೂ ತಪ್ಪಾಗಿ ಬಿಟ್ಟವಳಲ್ಲ. ನಮೂನೆಯನ್ನು ನಾಲ್ಕಾಗಿ ಮಡಿಸಿ, ಹರಿದು, ಚೂರುಗಳನ್ನು ಚೀಲಕ್ಕೆ ಹಾಕಿಕೊಂಡಳು. ಕಚೇರಿಯ ಕಸದ ಬುಟ್ಟಿಗೆ ಹಾಕುವಷ್ಟು ಧೈರ್ಯ ಬರಲಿಲ್ಲ.

ಒಂಬತ್ತೂವರೆಗೆ ಸಂಪಾದಕರು ಬಂದರು. "ಏನಮ್ಮ, ಇಷ್ಟು ಬೇಗ? ಏನಾದ್ರೂ ತಿದ್ದುಪಡಿ ಇತ್ತಾ?"

ಇವರಿಗಿಲ್ಲ, ಡಾಕ್ಟರಿಗೂ ಇಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಆಗಲೇ ತೀರ್ಮಾನಿಸಿಬಿಟ್ಟಳು.

"ಏನಿಲ್ಲ ಸರ್" ಎಂದಳು. "ಎಲ್ಲ ಸರಿಯಾಗೇ ಇದೆ."