ಚಪ್ಪಟೆ ಕಲ್ಲಿನ ಜಾಗ

ನಮ್ಮ ಮನೆಯಲ್ಲಿ ಕತ್ತರಿಯನ್ನು ಯಾರೂ ಹುಡುಕುವುದಿಲ್ಲ. ಅದು ಎರಡನೇ ಡ್ರಾಯರಿನ ಎಡಮೂಲೆಯಲ್ಲಿರುತ್ತದೆ, ನಾನು ಈ ಮನೆಗೆ ಬಂದಾಗಿನಿಂದ ಅಲ್ಲೇ ಇದೆ. ನಾನು ಆಪರೇಷನ್ ಥಿಯೇಟರಿನ ನರ್ಸು. ಡಾಕ್ಟರು ತಲೆ ಎತ್ತದೆ ಕೈ ಚಾಚಿದರೆ ಬೇಕಾದದ್ದು ಆ ಕೈಗೆ ಬರಬೇಕು; ಬರಬೇಕಾದರೆ ಅದು ತನ್ನ ಜಾಗದಲ್ಲಿರಬೇಕು. ಮನೆಯಲ್ಲೂ ನನ್ನದು ಅದೇ ಪಾಠ. ನಮ್ಮವರು ಇದನ್ನು ಹುಚ್ಚು ಅನ್ನುತ್ತಾರೆ, ಅನ್ನುತ್ತಲೇ ಕನ್ನಡಕವನ್ನು ಅದರ ಡಬ್ಬಿಯಲ್ಲಿ ಇಡುತ್ತಾರೆ.

ನಮ್ಮವರದು ಗಾಜು ಕತ್ತರಿಸುವ ಕೆಲಸ. ನಡುಮನೆಯಲ್ಲಿರುವ ಆರಡಿಯ ಮೀನಿನ ಟ್ಯಾಂಕು ಅವರೇ ಅಂಟಿಸಿ ಕಟ್ಟಿದ್ದು. ಅದರಲ್ಲಿ ಇದ್ದದ್ದು ಎರಡೇ ಮೀನು, ಎರಡೂ ಅಂಗೈಗಿಂತ ದೊಡ್ಡವು. ಒಂದು ಆಸ್ಕರ್ ಜಾತಿಯದು, ತಿಂದು ಬಿದ್ದಿರುವ ಸೋಂಬೇರಿ. ಇನ್ನೊಂದು ಗ್ರೀನ್ ಟೆರರ್. ಎಡಮೂಲೆಯಲ್ಲಿ ಚಪ್ಪಟೆ ಕಲ್ಲಿನಡಿ ಒಂದು ಗುಹೆ, ಅದು ಅವನ ಸ್ವಂತ ಆಸ್ತಿ. ಆಸ್ಕರ್ ಆ ಕಡೆ ಬಾಲ ತಿರುಗಿಸಿದರೂ ಸಾಕು, ನೀನ್ಯಾವ ದೊಣ್ಣೆನಾಯಕ ಎನ್ನುವಂತೆ ಕಿವಿರು ಅರಳಿಸಿ ನುಗ್ಗುತ್ತಿದ್ದ. ಕೊನೆಗೆ ನಾವು ಅವನನ್ನೇ ದೊಣ್ಣೆನಾಯಕ ಎಂದು ಕರೆಯತೊಡಗಿದೆವು.

ನಾದಿನಿ ಬಂದದ್ದು ಒಂದು ಬ್ಯಾಗು, ಮುಚ್ಚಳವಿರುವ ಒಂದು ಬಕೆಟ್ಟಿನೊಂದಿಗೆ. ಒಂಬತ್ತು ವರ್ಷ ಬಾಳಿದ ಗಂಡನ ಮನೆ ಬಿಟ್ಟು ಬಂದಿದ್ದಳು. ಬಕೆಟ್ಟಿನಲ್ಲಿ ಸೆವೆರಮ್ ಜಾತಿಯ ಮೀನು, ಅರಿಶಿನ ಬಣ್ಣದ್ದು, ಸಣ್ಣ ತಟ್ಟೆಯಂತೆ ದುಂಡಗಿತ್ತು.

"ಆ ಮನೇಲಿ ನನ್ನದು ಅಂತ ಇದ್ದಿದ್ದು ಇದೊಂದೇ ಅಣ್ಣಾ," ಎಂದಳು. "ಇದೊಂದು ಬದುಕಿಕೊಂಡ್ರೆ ಸಾಕು, ನನಗೆ ಬೇರೇನೂ ಬೇಡ."

ನಮ್ಮವರು ತಲೆ ಕೆರೆದುಕೊಂಡರು. "ಮೂರೂ ಸಿಕ್ಲಿಡ್ ಕುಲದವೇ. ಆದ್ರೆ ದಾಯಾದಿಗಳ ಥರ. ಒಂದೇ ಸೂರಿನಡಿ ಇಡೋಕೆ ಉಪಾಯ ಬೇಕು."

ಉಪಾಯ ಅವರಿಗೆ ಗೊತ್ತಿತ್ತು. ಟ್ಯಾಂಕಿನ ನಡುವೆ ಗಾಜಿನ ಅಡ್ಡಗೋಡೆ ನಿಲ್ಲಿಸಿ ಹತ್ತು ದಿನ ಒಬ್ಬರನ್ನೊಬ್ಬರು ನೋಡಿಕೊಳ್ಳಲು ಬಿಟ್ಟರು. ಹನ್ನೊಂದನೆಯ ದಿನ ಅಣ್ಣ ತಂಗಿ ಸೇರಿ ಕಲ್ಲುಗಳನ್ನೆಲ್ಲ ಎತ್ತಿ, ಬೇರೆ ಥರ ಜೋಡಿಸಿ, ಆಮೇಲೆ ಗಾಜು ತೆಗೆದರು. ಚಪ್ಪಟೆ ಕಲ್ಲನ್ನು ಬಲಗಡೆ ಇಟ್ಟವಳು ನಾದಿನಿಯೇ.

"ಹಳಬನಿಗೂ ಮನೆ ಹೊಸದಾಗಿ ಕಾಣ್ಬೇಕು," ಎಂದು ನಮ್ಮವರು ಹೇಳಿದರು. "ಇದು ನನ್ನ ಜಾಗ ಅಂತ ಯಾರಿಗೂ ಅನ್ನಿಸ್ಬಾರ್ದು. ಆಗ ಕಚ್ಚಾಡಲ್ಲ."

ಹಾಗೇ ಆಯಿತು. ದೊಣ್ಣೆನಾಯಕ ಎರಡು ದಿನ ವಿಳಾಸ ತಪ್ಪಿದವನಂತೆ ಅಲೆದ. ನಾಲ್ಕನೆಯ ದಿನ ಮೂರೂ ಒಟ್ಟಿಗೆ ಮೇಲೆ ಬಂದು ತಿಂದವು. ನಾದಿನಿ ಅದನ್ನು ನೋಡಿ ನಕ್ಕಳು. ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ನನಗೆ ಮಾತ್ರ ಆ ಟ್ಯಾಂಕು ನೋಡಿದರೆ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ಅಡುಗೆಮನೆಯಲ್ಲೂ ಅವಳು ಉಪ್ಪಿನ ಡಬ್ಬಿಯನ್ನು ಒಲೆಯ ಪಕ್ಕ ಇಡುತ್ತಿದ್ದಳು, ನಾನು ಮೇಲಿನ ಶೆಲ್ಫಿಗೆ ಇಡುತ್ತಿದ್ದೆ. ಜಗಳವಿಲ್ಲ, ಮಾತಿಲ್ಲ. ಅದನ್ನು ನನ್ನ ದೊಡ್ಡ ಗುಣವೆಂದೇ ತಿಳಿದಿದ್ದೆ.

ಮೂರೂ ಒಟ್ಟಿಗೆ ತಿಂದ ಮರುದಿನ ನನಗೆ ವಾರದ ರಜೆ. ನಾದಿನಿಗೆ ಔಷಧಿ ಅಂಗಡಿಯಲ್ಲಿ ಮೊದಲ ದಿನದ ಕೆಲಸ, ನಮ್ಮವರು ಯಾರದೋ ಕಿಟಕಿ ಅಳೆಯಲು ಹೋಗಿದ್ದರು. ಟ್ಯಾಂಕಿನ ಫಿಲ್ಟರ್ ತೊಳೆಯಲು ಕೈ ಹಾಕಿದವಳಿಗೆ ಕಲ್ಲುಗಳು ಕಣ್ಣಿಗೆ ಬಿದ್ದವು. ಗಾಯ ಮಾಗಿದ ಮೇಲೆ ಹೊಲಿಗೆ ಬಿಚ್ಚುತ್ತೇವೆ; ಇವುಗಳಿಗೂ ಪರಿಚಯವಾಯಿತಲ್ಲ, ಇನ್ನು ಕಲ್ಲುಗಳು ತಮ್ಮ ಜಾಗಕ್ಕೆ ಹೋಗಲಿ ಎಂದುಕೊಂಡೆ. ಯಾವ ಕಲ್ಲು ಎಲ್ಲಿತ್ತೆಂದು ನನಗೆ ಕಂಠಪಾಠ. ಚಪ್ಪಟೆ ಕಲ್ಲನ್ನು ಎಡಮೂಲೆಗೆ ಇಟ್ಟು ಒಂದು ಹೆಜ್ಜೆ ಹಿಂದೆ ನಿಂತು ನೋಡಿದೆ. ಮನಸ್ಸಿಗೆ ಹಾಯೆನಿಸಿತು.

ಅಡುಗೆಮನೆಗೆ ಹೋಗಿ ಸಾರು ಕುದಿಯಲಿಟ್ಟೆ, ಬಟ್ಟೆ ನೆನೆಹಾಕಿದೆ, ಮಿಕ್ಸಿ ತಿರುಗಿಸಿದೆ. ಮಿಕ್ಸಿ ನಿಂತಾಗ ನಡುಮನೆಯಿಂದ ಧಬ್ ಎಂದು ಸದ್ದು. ಬಾಗಿಲಿಗೆ ಬರುವಷ್ಟರಲ್ಲಿ ಇನ್ನೊಮ್ಮೆ. ಗಾಜಿಗೆ ಏನೋ ಬಡಿಯುತ್ತಿತ್ತು.

ದೊಣ್ಣೆನಾಯಕ ಚಪ್ಪಟೆ ಕಲ್ಲಿನಡಿಯಿಂದ ಹೊರಟು, ನೇರ ಹೋಗಿ ಹೊಸ ಮೀನನ್ನು ಗಾಜಿಗೆ ಗುದ್ದಿ, ಮತ್ತೆ ಗುಹೆಗೆ ವಾಪಸ್ಸಾಗುತ್ತಿದ್ದ. ಅವನಿಗೆ ಅವಸರವೇ ಇರಲಿಲ್ಲ. ಸೆವೆರಮ್ ಎದುರಿನ ಮೂಲೆಯಲ್ಲಿ ಫಿಲ್ಟರಿನ ಪೈಪಿನ ಹಿಂದೆ ಅಡ್ಡಬಿದ್ದಿತ್ತು. ಒಂದು ಪಕ್ಕದಲ್ಲಿ ಹುರುಪೆಯೇ ಇಲ್ಲ. ರೆಕ್ಕೆಗಳು ದಾರದೆಳೆಗಳಾಗಿದ್ದವು. ಒಂದು ಕಣ್ಣು ಇರಲಿಲ್ಲ. ಆಸ್ಕರ್ ದೂರದಲ್ಲಿ ಬಾಯಾಡಿಸುತ್ತ ಸುಮ್ಮನಿತ್ತು.

ಮನುಷ್ಯರ ಹೊಟ್ಟೆ ತೆರೆದಿದ್ದನ್ನು ದಿನಾ ನೋಡುವವಳು ನಾನು. ಅವತ್ತು ಬಲೆ ನನ್ನ ಕೈಯಿಂದ ಎರಡು ಸಲ ಜಾರಿತು. ಗಾಯಗೊಂಡ ಮೀನನ್ನು ಎತ್ತಿ ಬಕೆಟ್ಟಿಗೆ ಹಾಕಿದೆ. ಅದು ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು. ಆಮೇಲೆ ತೆರೆದೇ ಉಳಿಯಿತು.

ಆಗ ನನಗೆ ಬಂದ ಯೋಚನೆಯನ್ನೂ ಮುಚ್ಚಿಡುವುದಿಲ್ಲ. ಅವಳು ಬರುವಷ್ಟರಲ್ಲಿ ಚಪ್ಪಟೆ ಕಲ್ಲನ್ನು ಬಲಗಡೆಗೆ ಇಟ್ಟುಬಿಡೋಣ, ಏನಾಯಿತೋ ಗೊತ್ತಿಲ್ಲ ಎನ್ನೋಣ. ಮೊಣಕೈವರೆಗೆ ನೀರಿನಲ್ಲಿ ಕೈ ಮುಳುಗಿಸಿ ಕಲ್ಲು ಹಿಡಿದಿದ್ದೆ. ದೊಣ್ಣೆನಾಯಕ ನನ್ನ ಬೆರಳನ್ನು ಕಚ್ಚಿದ. ಅಷ್ಟರಲ್ಲಿ ಬಾಗಿಲು ತೆರೆಯಿತು.

ನಾದಿನಿ ಬಕೆಟ್ಟನ್ನು ನೋಡಿದಳು, ಟ್ಯಾಂಕನ್ನು ನೋಡಿದಳು, ಕಲ್ಲು ಹಿಡಿದ ನನ್ನ ಕೈಯನ್ನು ನೋಡಿದಳು.

"ಕಲ್ಲು ಮೊದಲಿನ ಥರ ಇಟ್ರಾ ಅತ್ತಿಗೆ?"

"ಐದು ದಿನ ಆಯ್ತಲ್ಲ, ಹೊಂದಿಕೊಂಡವು ಅಂದ್ಕೊಂಡೆ. ನನಗೇನು ಗೊತ್ತು ಕಣೇ, ಬರೀ ಕಲ್ಲು..."

"ಬಿಡಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಭಯವಾಯಿತು. "ನಾನು ಬಂದ ದಿನ ಕೇಳಿದ್ರಿ, ಹೊಡೀತಿದ್ನಾ ಅಂತ. ಇಲ್ಲ ಅಂದೆ. ನೀವು ನಂಬಲಿಲ್ಲ. ನಿಜವಾಗ್ಲೂ ಹೊಡೀತಿರಲಿಲ್ಲ, ಬೈತಾನೂ ಇರಲಿಲ್ಲ. ಆ ಮನೇಲಿ ನಾನು ಏನು ಎಲ್ಲಿಟ್ರೂ, ತಿರುಗಿ ನೋಡೋಷ್ಟರಲ್ಲಿ ಅದು ಮೊದಲಿದ್ದ ಕಡೆ ಇರ್ತಿತ್ತು. ಯಾರೂ ಒಂದು ಮಾತು ಆಡ್ತಿರಲಿಲ್ಲ. ಒಂಬತ್ತು ವರ್ಷ, ಅಷ್ಟೇ."

ನನ್ನ ಕೈಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಒರೆಸಬೇಕೆಂದೂ ತೋಚಲಿಲ್ಲ.

"ಹೋಗ್ಬಿಡ್ತೀಯಾ?" ಎಂದು ಕೇಳಿದೆ.

"ಎಲ್ಲಿಗೆ ಹೋಗ್ಲಿ ಅತ್ತಿಗೆ?" ಅವಳು ಕೋಣೆಯ ನಡುವೆಯೇ ನಿಂತಿದ್ದಳು. "ಬೆಳಿಗ್ಗೆಯಿಂದ ಅಂಗಡೀಲಿ ನಿಂತೂ ನಿಂತೂ ಕಾಲು ಸೋತಿದೆ. ಎಲ್ಲಿ ಕೂರ್ಬೇಕು ಹೇಳಿ, ಅಲ್ಲೇ ಕೂರ್ತೀನಿ."

ನಡುಮನೆಯಲ್ಲಿ ನಾಲ್ಕು ಕುರ್ಚಿಗಳಿವೆ. ಒಂದು ನಮ್ಮವರದು, ಒಂದು ನನ್ನದು, ಹಾಸ್ಟೆಲಿನಲ್ಲಿರುವ ಮಗಳದು ಒಂದು, ಇಸ್ತ್ರಿ ಬಟ್ಟೆ ಇಡಲು ಒಂದು. ನಾಲ್ಕನ್ನೂ ನೋಡಿದೆ. ಅವಳು ನಮ್ಮ ಮನೆಗೆ ಬಂದು ಹದಿನಾರು ದಿನವಾಗಿತ್ತು. ಇಷ್ಟು ದಿನ ಅವಳು ಎಲ್ಲಿ ಕೂರುತ್ತಿದ್ದಳೆಂದು ಎಷ್ಟು ಯೋಚಿಸಿದರೂ ನನಗೆ ನೆನಪಾಗಲಿಲ್ಲ.