ಸಾಧು ಹಕ್ಕಿ

"ಮುಟ್ಟಿದ್ರೆ ತಗೋಬೇಕು ನೋಡಮ್ಮ, ಆಮೇಲೆ ಬೇಡ ಅನ್ನೋ ಹಾಗಿಲ್ಲ," ಎಂದು ಹಕ್ಕಿ ಅಂಗಡಿಯವನು ಪಂಜರದ ಬಾಗಿಲಿಗೆ ಕೈ ಅಡ್ಡ ಇಟ್ಟ.

ಸೊಸೆ ಆ ಕೈಯನ್ನು ನೋಡಿದಳೇ ಹೊರತು ಹಿಂದೆ ಸರಿಯಲಿಲ್ಲ. ಹೋದ ತಿಂಗಳು ಇದೇ ಅಂಗಡಿಯಿಂದ ಮಾವ ಆರಿಸಿ ತಂದಿದ್ದ ಹಕ್ಕಿ ಐದನೇ ದಿನ ಪಂಜರದ ತಳದಲ್ಲಿ ಕಾಲು ಮೇಲೆ ಮಾಡಿ ಬಿದ್ದಿತ್ತು. ಅದಕ್ಕೆ ಕಾಳು ಹಾಕುತ್ತಿದ್ದವಳು ಇವಳು. "ಇವಳ ಕೈಗುಣವೇ ಅಂಥದ್ದು," ಎಂದು ಮಾವ ಮೊದಲು ಮಗನಿಗೆ, ಆಮೇಲೆ ಬೀದಿಗೆಲ್ಲ ಹೇಳಿಕೊಂಡು ಬಂದರು. ಅವರ ಬಾಯಿಗೆ ಬೀಗವಿಲ್ಲ. ಈಗ ಪಕ್ಕದ ಮನೆಯಾಕೆ ತನ್ನ ಕೂಸನ್ನು ಇವಳ ಕೈಗೆ ಕೊಡುವುದಿಲ್ಲ. ಎತ್ತಿಕೊಳ್ಳಲು ಹೋದರೆ, ಹಾಲು ಕುಡಿಸಬೇಕು ಎನ್ನುತ್ತಾಳೆ. ಎರಡನೆಯದೂ ಸತ್ತರೆ ಆ ಮಾತು ಸಾಯುವ ತನಕ ಬಿಡುವುದಿಲ್ಲ. ಅದಕ್ಕೇ ರಜೆಯ ದಿನ ಮಾವನ ಬೆನ್ನು ಹತ್ತಿ ಬಂದಿದ್ದಳು.

ಮಾವ ಸ್ಟೂಲಿನ ಮೇಲೆ ಕೂತು, ಕೋಲಿನ ತುದಿಯಿಂದ ಮೂಲೆಯ ಹಸಿರು ಲವ್ ಬರ್ಡ್ ತೋರಿಸಿದರು. ಅದು ಗರಿ ಉಬ್ಬಿಸಿಕೊಂಡು, ಅರೆಗಣ್ಣು ಮುಚ್ಚಿ, ದುಂಡಗೆ ಕೂತಿತ್ತು.

"ಇದೇ ಇರ್ಲಿ. ನೋಡು, ಎಷ್ಟು ಸಾಧು! ಮನೇಲಿ ಎದುರು ಮಾತಾಡೋರು ಒಬ್ರೇ ಸಾಕು."

"ನಿಮ್ಮ ಕಣ್ಣೇ ಕಣ್ಣು, ಯಜಮಾನ್ರೇ," ಎಂದ ಅಂಗಡಿಯವನು ಬೆರಳಲ್ಲಿ ಕಂಬಿ ಟಕಟಕ ಬಡಿದ. ಹಕ್ಕಿ ಬೆಚ್ಚಿ, ಗರಿ ಇಳಿಸಿ ನೆಟ್ಟಗಾಯಿತು. "ನೋಡಿ, ಹೇಗೆ ಚುರುಕಾಗಿದೆ!"

ಸೊಸೆ ಬಟ್ಟೆ ಕಾರ್ಖಾನೆಯಲ್ಲಿ ಚೆಕಿಂಗ್ ಮೇಜಿನವಳು. ಹನ್ನೊಂದು ವರ್ಷದಿಂದ ದಿನಕ್ಕೆ ನಾನೂರು ಅಂಗಿಗಳ ಒಳಮೈ ತಿರುವಿ ನೋಡಿದವಳು. ಇಸ್ತ್ರಿ ಹೊಡೆದು ನೇತುಹಾಕಿದರೆ ಎಲ್ಲ ಅಂಗಿಯೂ ಚೆಂದವೇ. ಅವಳು ಕಾದಳು. ಬಡಿತ ನಿಂತ ಸ್ವಲ್ಪ ಹೊತ್ತಿಗೆ ಹಕ್ಕಿ ಮತ್ತೆ ಉಬ್ಬಿತು. ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡತೊಡಗಿತು. ಅವಳು ಅಂಗಡಿಯವನ ಕೈ ಸರಿಸಿ, ಹಕ್ಕಿಯನ್ನು ಹಿಡಿದು ಮೆಲ್ಲನೆ ಮಗುಚಿದಳು. ಎದೆಮೂಳೆ ಬೆರಳಿಗೆ ಚೂಪಾಗಿ ಸಿಕ್ಕಿತು. ಬಾಲದಡಿಯ ಗರಿಗೆಲ್ಲ ಹಿಕ್ಕೆ ಮೆತ್ತಿಕೊಂಡಿತ್ತು. ಪಾಪ ಅನ್ನಿಸಿತು, ಮೈಯೂ ಉರಿಯಿತು.

"ಇದು ಸಾಧು ಅಲ್ಲ ಮಾವ, ಇದಕ್ಕೆ ಕಾಯಿಲೆ. ಹೋದ ಸಲದ್ದೂ ಹೀಗೇ ಕೂತಿರ್ತಿತ್ತು. ನೀವು ಆರಿಸಿದ್ರಿ, ನಾನು ಕಾಳು ಹಾಕ್ದೆ. ಅಷ್ಟೇ."

"ಅಂದ್ರೆ ನಾನೇ ಕೊಂದೆ ಅಂತೀಯ?"

"ನಾನು ಕೊಲ್ಲಲಿಲ್ಲ ಅಂತೀನಿ."

"ಮುಟ್ಟಾಯ್ತಲ್ಲ, ತಗೊಂಡೇ ಹೋಗಿ," ಎಂದ ಅಂಗಡಿಯವನು.

"ತಗೋತೀನಿ. ನಿಮ್ಮ ಬಾಗಿಲಲ್ಲೇ ನಿಂತು, ಬಂದೋರಿಗೆಲ್ಲ ಇದರ ಬಾಲ ಎತ್ತಿ ತೋರಿಸ್ತೀನಿ."

ಅವನು ತಾನೇ ಪಂಜರದ ಬಾಗಿಲು ತೆರೆದು ಹಿಡಿದ. ಅವಳು ಹಕ್ಕಿಯನ್ನು ಒಳಗೆ ಬಿಟ್ಟು, ಕೈ ತೊಳೆದುಕೊಂಡು, ದೂರದ ಪಂಜರದಲ್ಲಿ ಕಾಳಿನ ಬಟ್ಟಲಿಗೆ ಜಗಳವಾಡುತ್ತಿದ್ದ ಒಂದನ್ನು ಹಿಡಿದಳು. ಅದು ಕಿರುಚಿ, ಹೆಬ್ಬೆರಳಿಗೆ ಕೊಕ್ಕು ಹಾಕಿತು. ರಕ್ತ ಬಂದರೂ ಅವಳು ಬಿಡಲಿಲ್ಲ. ಕಣ್ಣು ಫಳಫಳ, ಮೂಗು ಸೋರುತ್ತಿಲ್ಲ, ಎದೆ ತುಂಬಿದೆ, ಬಾಲದಡಿ ಚೊಕ್ಕಟ.

"ಇದು ಕಚ್ಚುತ್ತೆ," ಎಂದರು ಮಾವ.

"ಕಚ್ಚಲಿ. ಬದುಕುತ್ತೆ."

ಬಸ್ಸಿನಲ್ಲಿ ರಟ್ಟಿನ ಡಬ್ಬ ಮಾವನ ತೊಡೆಯ ಮೇಲಿತ್ತು. ಗಾಳಿಗೆಂದು ಮಾಡಿದ್ದ ತೂತನ್ನು ಹಕ್ಕಿ ಒಳಗಿನಿಂದ ಕಡಿದು ಕಡಿದು ದೊಡ್ಡದು ಮಾಡುತ್ತಿತ್ತು. ಅವಳು ಬೆಳಗ್ಗೆ ಇಸ್ತ್ರಿ ಮಾಡಿಕೊಟ್ಟಿದ್ದ ಪ್ಯಾಂಟಿನ ಮೇಲೆ ರಟ್ಟಿನ ಚೂರು ಉದುರುತ್ತಲೇ ಇತ್ತು. ಮಾವ ಒಮ್ಮೆ ಅದನ್ನು, ಒಮ್ಮೆ ಸೊಸೆಯನ್ನು ನೋಡಿದರು. ಅವಳು ಕೊಡವಲು ಹೋಗಲಿಲ್ಲ.